ಅಮ್ಮನಿಗೊಂದು ಅಮಾವಾಸ್ಯೆ

ನಾನು ಚಿಕ್ಕವನಿದ್ದಾಗ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಕೂದಲು ಬೆಳ್ಳಗಾಗಿದೆ, ಮೂಗಿನ ಮೇಲೆ ಕನ್ನಡಕ ಬಂದು ಕೂತಿದೆ, ಆದರೂ ಸಿಟ್ಟು ಜಾಗ ಬಿಟ್ಟಿಲ್ಲ. ಹೋದ ಭಾನುವಾರ ನಿಮ್ಮಮ್ಮನ ಹುಟ್ಟುಹಬ್ಬದ ದಿನ ನಾನು ರೇಗಾಡಿದೆನೆಂದು ಮೊಮ್ಮಕ್ಕಳು ನೀವಿಬ್ಬರೂ ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಬಿಡಿ, ನಾನೇನೂ ತಪ್ಪಾಯಿತು ಅನ್ನುವುದಿಲ್ಲ. ಅದರ ಬದಲು ಒಂದು ದಿನದ ಕಥೆ ಹೇಳುತ್ತೇನೆ. ಆ ದಿನ ನಾವೂ ನಮ್ಮ ಅಮ್ಮನಿಗೆ ಸುಳಿವು ಕೊಡದೆ ಒಂದು ಪಾರ್ಟಿ ಮಾಡಿದ್ದೆವು.

ನಮ್ಮದು ಹಿಂದೂಪುರದ ನೇಕಾರರ ಬೀದಿ. ಯಾವ ಮನೆಯ ಮುಂದೆ ನಿಂತರೂ ಮಗ್ಗದ ಲಟಕ್ ಪಟಕ್ ಸದ್ದು ಕೇಳಿಸುತ್ತಿತ್ತು. ಗಾಳಿ ಸಂತೆಯ ಕಡೆಯಿಂದ ಬೀಸಿದರೆ ಬೆಲ್ಲದ ವಾಸನೆ, ಹುಣಸೆಹಣ್ಣಿನ ಹುಳಿ, ಒಣಮೆಣಸಿನಕಾಯಿಯ ಘಾಟು ಎಲ್ಲ ಒಟ್ಟಿಗೇ ಬಂದು ಇಡೀ ಬೀದಿ ಸೀನುತ್ತಿತ್ತು. ನಮ್ಮ ಮನೆಯ ನಡುಮನೆಯಲ್ಲೇ ಗುಂಡಿ ಮಗ್ಗ ಇತ್ತು. ಅಪ್ಪ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದ. ಪಕ್ಕದಲ್ಲಿ ಅಕ್ಕ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದಳು. ನಾವು ಉಂಡು ಮಲಗುತ್ತಿದ್ದುದು ಮಗ್ಗ ಬಿಟ್ಟು ಉಳಿದ ಜಾಗದಲ್ಲಿ.

ತಿಂಗಳಿಗೊಂದು ದಿನ, ಅಮಾವಾಸ್ಯೆಯಂದು, ಆ ಬೀದಿ ಬಾಯಿ ಮುಚ್ಚುತ್ತಿತ್ತು. ಅಂದು ಯಾರೂ ನೇಯುವಂತಿಲ್ಲ. ಹಿರಿಯರ ಕಾಲದಿಂದ ಬಂದ ಕಟ್ಟು ಅದು. ಗಂಡಸರು ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು, ಎಣ್ಣೆ ನೀರು ಹಾಕಿಕೊಂಡು, ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಗೊರಕೆ ಹೊಡೆಯುತ್ತಿದ್ದರು. ಸಂಜೆ ಟೀ ಅಂಗಡಿಯ ಬೆಂಚಿನ ಮೇಲೆ ಊರ ಪಂಚಾಯಿತಿ ನಡೆಯುತ್ತಿತ್ತು. ನಮ್ಮ ಅಪ್ಪನೂ ಆ ಬೆಂಚಿನ ಖಾಯಂ ಗಿರಾಕಿ.

ಅಮ್ಮನಿಗೆ ಮಾತ್ರ ಅಂದು ಮೈ ಮುರಿಯುವ ಕೆಲಸ. ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು ಹಾಸು ಅನ್ನುತ್ತೇವೆ. ಒಂದು ಹಾಸು ನೇಯ್ದು ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ ಕೂಡಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಗಂಟು ಹಾಕದೆ ಬರೀ ಹೊಸೆದೇ ಸೇರಿಸಬೇಕು. ಇದಕ್ಕೆ ಕೆಚ್ಚುವುದು ಎಂದು ಹೆಸರು. ಕೂದಲಿಗಿಂತ ಸಣ್ಣ ಎಳೆಗಳು, ಅವೂ ಸಾವಿರಗಟ್ಟಲೆ. ಅಮಾವಾಸ್ಯೆಯ ಮಾರನೆಯ ದಿನ ಅಪ್ಪ ನೇಯಲು ಕೂರಬೇಕಾದರೆ ಅಮಾವಾಸ್ಯೆಯಂದೇ ಅಮ್ಮ ಕೆಚ್ಚಿ ಮುಗಿಸಬೇಕು. ನೇಯುವುದಕ್ಕೆ ತಾನೆ ರಜ, ಕೆಚ್ಚುವುದಕ್ಕೆ ಎಂಥ ರಜ ಎಂಬುದು ನಮ್ಮ ಬೀದಿಯ ಗಂಡಸರ ನ್ಯಾಯ. ಬೆಳಗ್ಗೆ ಕತ್ತು ಬಗ್ಗಿಸಿದ ಅಮ್ಮ ದೀಪ ಹಚ್ಚುವ ಹೊತ್ತಿಗೆ ಎದ್ದರೆ ಕತ್ತು ಆ ಕಡೆಗೂ ತಿರುಗುತ್ತಿರಲಿಲ್ಲ, ಈ ಕಡೆಗೂ ತಿರುಗುತ್ತಿರಲಿಲ್ಲ.

ನನಗಾಗ ಒಂಬತ್ತು ವರ್ಷ. ಒಂದು ಅಮಾವಾಸ್ಯೆ ಸಂಜೆ ಅಮ್ಮ ಗೋಡೆಗೆ ಒರಗಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕತ್ತಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅವಳ ಉಗುರಿನ ಸಂದಿಯಲ್ಲೆಲ್ಲ ಬೂದಿ. ಅದೇ ಹೊತ್ತಿಗೆ ಅಪ್ಪ ಟೀ ಅಂಗಡಿಯಿಂದ ಬಂದು, ಸಾರು ಬಿಸಿ ಮಾಡಿಲ್ಲವಾ ಎಂದು ಕೇಳಿದ. ನನಗೆ ಬಂದ ಸಿಟ್ಟಿಗೆ ಬಾಗಿಲನ್ನು ಒದ್ದು ಕಾಲಿನ ಹೆಬ್ಬೆರಳು ಒಡೆದುಕೊಂಡೆ. ಯಾಕೆ ಒದ್ದೆ ಎಂದು ಯಾರೂ ಕೇಳಲಿಲ್ಲ. ಬಾಗಿಲಿಗೆ ಏನಾದರೂ ಆಯಿತಾ ಎಂದು ಅಪ್ಪ ನೋಡಿದ. ಆ ಬೂದಿಯ ಮೇಲೂ ನನಗೆ ಹಗೆ ಹುಟ್ಟಿತು.

ಪಾರ್ಟಿಯ ಯೋಚನೆ ಅಕ್ಕನದು. ಅವಳಿಗೆ ಹದಿಮೂರು. ಅವಳ ಗೆಳತಿಯ ಮನೆಯಲ್ಲಿ ಹುಟ್ಟಿದ ಹಬ್ಬಕ್ಕೆ ಬಲೂನು ಕಟ್ಟಿ, ಎಲ್ಲರೂ ಸದ್ದಿಲ್ಲದೆ ಅವಿತು ಕೂತು, ಗೆಳತಿ ಒಳಗೆ ಬಂದ ಕೂಡಲೇ ಕೂಗಿದರಂತೆ. ನಾವೂ ಅಮ್ಮನಿಗೆ ಹಾಗೆ ಮಾಡೋಣ ಅಂದಳು. ಆದರೆ ಅಮ್ಮ ಹುಟ್ಟಿದ ದಿನ ಅಮ್ಮನಿಗೇ ಗೊತ್ತಿರಲಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ ಹುಟ್ಟಿದೆ ಅನ್ನುವುದಷ್ಟೇ ಅವಳ ಲೆಕ್ಕ. ಹಾಗಾದರೆ ಅಮಾವಾಸ್ಯೆಯೇ ಇರಲಿ, ನಾವೇ ಮೊದಲೇ ಕೆಚ್ಚಿ ಇಟ್ಟುಬಿಡೋಣ, ಒಂದು ಅಮಾವಾಸ್ಯೆ ಅಮ್ಮನಿಗೂ ರಜ ಸಿಗಲಿ ಎಂದೆ ನಾನು. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ತಲೆಯಲ್ಲೂ ಏನೋ ಇದೆ ಕಣೋ ಅಂದಳು. ಅಕ್ಕ ನನ್ನನ್ನು ಹೊಗಳಿದ್ದು ಅದೇ ಮೊದಲು.

ಅದೃಷ್ಟಕ್ಕೆ ಅಮ್ಮ ಅಮಾವಾಸ್ಯೆಗೆ ಮೂರು ದಿನ ಮುಂಚೆ ಕಲ್ಯಾಣದುರ್ಗಕ್ಕೆ ಹೊರಟಳು. ಅದು ಅವಳ ತವರೂರು. ಅವಳ ತಂಗಿಗೆ ಹೆರಿಗೆಯಾಗಿತ್ತು. ಬಾಣಂತಿಯ ಹತ್ತಿರ ಹದಿನೈದು ದಿನ ಇರಬೇಕಾದವಳು, ಕೆಚ್ಚುವ ಕೆಲಸ ಇದೆಯೆಂದು ಅಮಾವಾಸ್ಯೆ ಮಧ್ಯಾಹ್ನಕ್ಕೇ ವಾಪಸು ಬರುತ್ತೇನೆ ಎಂದು ಹೇಳಿ ಹೋದಳು. ಅಮಾವಾಸ್ಯೆಯಲ್ಲಿ ಪ್ರಯಾಣ ಮಾಡಬಾರದು ಅನ್ನುವ ಕಟ್ಟೂ ಇತ್ತು. ಮಗ್ಗಕ್ಕೆ ಬೇಕಾದರೆ ಕಟ್ಟು ಕಟ್ಟಬಹುದು, ಮಗ್ಗಕ್ಕೆ ಬೇಕಾದರೆ ಬಿಚ್ಚಬಹುದು ಎಂದು ನನಗೆ ಅದಕ್ಕೂ ಉರಿಯಿತು.

ಅಪ್ಪನಿಗೆ ಹೇಳದೆ ಮಗ್ಗ ಮುಟ್ಟುವಂತಿರಲಿಲ್ಲ. ಅಕ್ಕ ಹೇಳಿದಾಗ ಅಪ್ಪ ನಕ್ಕ. "ಏನಾನಾ ಮಾಡ್ಕಳ್ಳಿ. ಒಂದು ಎಳೆ ಹರಿದ್ರೂ ಚರ್ಮ ಸುಲಿದ್ಬುಡ್ತೀನಿ" ಎಂದ. ಹಾಸು ಆ ಸಲ ಬೇಗ ಮುಗಿದಿತ್ತು. ಅಪ್ಪ ಎದ್ದು ಮೈ ಮುರಿದು ಬೆಂಚಿನ ಕಡೆ ನಡೆದ. ಕೈ ಹಾಕಬೇಕು ಅಂತ ಅವನಿಗೆ ಅನ್ನಿಸಲೇ ಇಲ್ಲ.

ಎರಡು ದಿನ ನಾವಿಬ್ಬರೂ ಕೆಚ್ಚಿದೆವು. ಅಕ್ಕ ಅಮ್ಮನ ಪಕ್ಕ ಕೂತು ಕಲಿತಿದ್ದವಳು, ಅವಳ ಬೆರಳು ಚುರುಕು. ನನ್ನದು ಎಡಗಡೆಯ ಕಾಲು ಭಾಗ. ಅರ್ಧ ಗಂಟೆಗೇ ಕತ್ತು ಕಿತ್ತುಬರುವಂತಾಯಿತು. ಮೊಣಕಾಲು ಜೋಮು ಹಿಡಿಯಿತು. ಎರಡು ಎಳೆ ಹೊಸೆದರೆ ಮೂರನೆಯದು ಕೈಗೇ ಸಿಗುತ್ತಿರಲಿಲ್ಲ. ಅಮ್ಮ ಇದನ್ನು ಎಷ್ಟು ವರ್ಷದಿಂದ ಮಾಡುತ್ತಿದ್ದಾಳೆ ಎಂದು ನೆನೆದಾಗಲೆಲ್ಲ ಅಳು ಬರುವಂತಾಗಿ, ಅಳುವ ಬದಲು ಅಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಎರಡನೆಯ ದಿನ ಅಕ್ಕ ನೀರಿಗೆಂದು ಬೋರಿಂಗಿನ ಹತ್ತಿರ ಹೋದಳು. ಅಲ್ಲಿ ಯಾವಾಗಲೂ ಉದ್ದದ ಸಾಲು. ಆಗ ನನಗೆ ಒಂದು ಯೋಚನೆ ಹೊಳೆಯಿತು. ಅಮ್ಮನಿಗೆ ಕೊಡುವ ಉಡುಗೊರೆಗೆ ಈ ದರಿದ್ರ ಬೂದಿ ಯಾಕೆ? ಅಮ್ಮನ ಟ್ರಂಕಿನಲ್ಲಿ ಒಂದು ಪೌಡರ್ ಡಬ್ಬಿ ಇತ್ತು. ಯಾರದಾದರೂ ಮದುವೆಗೆ ಹೋಗುವಾಗ ಮಾತ್ರ ಅವಳು ಅದನ್ನು ತೆಗೆಯುತ್ತಿದ್ದಳು. ಬೂದಿಯೂ ಪುಡಿ, ಇದೂ ಪುಡಿ. ಮಗ್ಗದ ಹತ್ತಿರ ಬಂದಾಗ ಅಮ್ಮನಿಗೆ ಮಲ್ಲಿಗೆಯ ವಾಸನೆ ಬರಲಿ ಎಂದುಕೊಂಡು ಬಟ್ಟಲಿನ ಬೂದಿ ಚೆಲ್ಲಿ ಪೌಡರ್ ಸುರಿದೆ. ಬೆರಳು ನುಣ್ಣಗೆ ಓಡಿತು. ಅಕ್ಕ ಬರುವಷ್ಟರಲ್ಲಿ ನನ್ನ ಪಾಲು ಹೆಚ್ಚು ಕಡಿಮೆ ಮುಗಿದಿತ್ತು. ಅವಳು ಮೂಗು ಅರಳಿಸಿ, ಮುಖಕ್ಕೆ ಯಾಕೆ ಪೌಡರ್ ಮೆತ್ತಿಕೊಂಡೆ ಎಂದು ಕೇಳಿದಳು. ಹೌದು, ಮೆತ್ತಿಕೊಂಡೆ ಎಂದೆ.

ಅಮಾವಾಸ್ಯೆಯ ದಿನ ಅಕ್ಕ ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸು, ಪುಟಾಣಿ ಕಡಲೆಯ ಪುಡಿ ಹಾಕಿ ಉಗ್ಗಾಣಿ ಮಾಡಿದಳು. ಪಕ್ಕದ ಮನೆಯ ಅತ್ತೆ ಒಂದು ಬುಟ್ಟಿ ಮೆಣಸಿನಕಾಯಿ ಬಜ್ಜಿ ಕರಿದು ತಂದಳು. ಎರಡು ಬಲೂನು ಮಗ್ಗದ ಮೇಲಿನ ತೊಲೆಗೆ ನೇತಾಡಿದವು. ಬೀದಿಯ ಏಳೆಂಟು ಹೆಂಗಸರು ಬಂದು ಗೋಡೆಯುದ್ದಕ್ಕೂ ಕೂತರು. ಅಮ್ಮ ಹೊಸ್ತಿಲು ದಾಟುವವರೆಗೆ ಯಾರೂ ಉಸಿರೆತ್ತಬಾರದು ಎಂದು ಅಕ್ಕ ಅಪ್ಪಣೆ ಕೊಡಿಸಿದ್ದಳು. ಅಪ್ಪ ಒಗೆದ ಪಂಚೆ ಉಟ್ಟು ಬಾಗಿಲ ಹತ್ತಿರ ನಿಂತಿದ್ದ.

ಒಂದು ತಪ್ಪು ಅಲ್ಲೇ ಆಗಿಹೋಗಿತ್ತು. ಅಮ್ಮ ಧೂಳು ತುಂಬಿದ ಸೀರೆಯಲ್ಲಿ, ಕಂಕುಳಲ್ಲಿ ಬಟ್ಟೆಯ ಚೀಲ ಹಿಡಿದು ಬೀದಿ ತಿರುಗಿದಾಗ ಅವಳಿಗೆ ಕಂಡದ್ದೇನು? ಮನೆಯ ಮುಂದೆ ಚಪ್ಪಲಿಗಳ ರಾಶಿ. ತೆರೆದ ಬಾಗಿಲೊಳಗೆ ಗೋಡೆಗೆ ಒರಗಿದ ಹೆಂಗಸರು, ಒಬ್ಬರ ಬಾಯಲ್ಲೂ ಮಾತಿಲ್ಲ. ನಮ್ಮ ಕಡೆ ಮನೆಯಲ್ಲಿ ಹಾಗೆ ಜನ ಕೂರುವುದು ಸಾವಾದಾಗ ಮಾತ್ರ. ಅಮ್ಮ ಚೀಲ ಅಲ್ಲೇ ಬಿಸಾಡಿ, "ನನ್ನ ಮಗೀನ ಏನ್ಮಾಡ್ಬುಟ್ರಿ" ಎಂದು ಎದೆ ಬಡಿದುಕೊಂಡು ಓಡಿಬಂದಳು. ಕೂಗಬೇಕಾದವರು ಕೂಗುವುದನ್ನೇ ಮರೆತರು. ಪಕ್ಕದ ಮನೆಯ ಅತ್ತೆ ಎದ್ದು, "ಏಮೀ ಕಾಲೇದು ವದಿನಾ, ಈ ಪೊದ್ದು ನೀಕೇ ಪಂಡಗ" ಎಂದು ತೆಲುಗಿನಲ್ಲಿ ಸಮಾಧಾನ ಮಾಡಿದಳು. ಏನೂ ಆಗಿಲ್ಲ ಅತ್ತಿಗೆ, ಇವತ್ತು ನಿನಗೇ ಹಬ್ಬ ಎಂದು ಅದರ ಅರ್ಥ. ಅಮ್ಮ ನನ್ನನ್ನು ಕಂಡವಳೇ ಬೆನ್ನಿಗೊಂದು ಗುದ್ದಿ, ಆಮೇಲೆ ತಬ್ಬಿಕೊಂಡಳು. ಅವಳ ಎದೆ ಇನ್ನೂ ಡವಡವ ಅನ್ನುತ್ತಿತ್ತು.

ಅಕ್ಕ ಅಮ್ಮನನ್ನು ಮಗ್ಗದ ಹತ್ತಿರ ಕರೆದುಕೊಂಡು ಹೋಗಿ, ಕೆಚ್ಚಿ ಆಗಿದೆ, ಇವತ್ತು ನಿನಗೆ ರಜ ಎಂದಳು. ಅಮ್ಮ ನಂಬಲಿಲ್ಲ. ಬಗ್ಗಿ ನೋಡಿದಳು. ಎಳೆಗಳ ಮೇಲೆ ಅಂಗೈ ಆಡಿಸಿದಳು. ಅವಳ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬೀದಿಯ ಹೆಂಗಸರ ಮುಂದೆ ಮಕ್ಕಳ ಕೈಗುಣ ತೋರಿಸುವ ಹುಮ್ಮಸ್ಸು ಅಪ್ಪನಿಗೆ. ಗುಂಡಿಗಿಳಿದು ಹಳೆಯ ತುದಿಗಳನ್ನು ಹಿಡಿದು ಹಾಸನ್ನು ತನ್ನ ಕಡೆಗೆ ಮೆಲ್ಲಗೆ ಎಳೆದ. ಅಕ್ಕ ಕೆಚ್ಚಿದ ಎಳೆಗಳು ಒಂದೂ ತಪ್ಪದೆ ನುಸುಳಿ ಬಂದವು. ನನ್ನ ಕಡೆಯವು ಒಂದರ ಹಿಂದೊಂದು ಜಾರಿ, ಸದ್ದಿಲ್ಲದೆ ಬಿಚ್ಚಿಕೊಂಡು, ಜೋಲುಬಿದ್ದವು.

ಅಪ್ಪ ಮೇಲೆದ್ದವನೇ ಅಕ್ಕನ ಕೆನ್ನೆಗೆ ಹೊಡೆದ. ದೊಡ್ಡವಳು ನೀನು, ನೋಡಿಕೊಳ್ಳಬೇಡವಾ ಎಂದ. ಅಕ್ಕ ಅಳಲಿಲ್ಲ. ಏನಾಯಿತೆಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಆಗ ಅಮ್ಮ ಜೋಲುಬಿದ್ದ ಒಂದು ಎಳೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಮೂಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೂದಿ ಎಳೆಯನ್ನು ಹಿಡಿಯುತ್ತದೆ, ಪೌಡರ್ ಜಾರಿಸುತ್ತದೆ ಎಂದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. "ಪೌಡರ್ ಹಾಕಿದ್ದು ನಾನು" ಎಂದೆ.

ಅಪ್ಪನ ಕೈ ಮತ್ತೆ ಮೇಲಕ್ಕೆದ್ದಿತು. ಅಮ್ಮ ಆ ಕೈ ಹಿಡಿದುಕೊಂಡಳು. ಅಮ್ಮ ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವತ್ತೂ ಎತ್ತಲಿಲ್ಲ, ತಗ್ಗಿಸಿಯೇ ಹೇಳಿದಳು. ಆದರೂ ನಡುಮನೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಮಕ್ಕಳು ಕೆಚ್ಚಿದ್ದು ಬಿಚ್ಕಂತು, ಸರಿ. ನೀವು ಒಂದೆಳೆ ಕೆಚ್ಚಿದ್ದೀರಾ? ಮದುವೆಯಾಗಿ ಬಂದಾಗಿಂದ ಅಮಾಸೆ ಅಮಾಸೆಗೂ ಇಲ್ಲೇ ಬಗ್ಗಿ ಕುಂತಿವ್ನಿ. ಕತ್ತು ನೋಯ್ತದಾ ಅಂತ ಒಂದಿನ ಕೇಳಿದ್ದೀರಾ? ಈ ಒಂಬತ್ತು ವರ್ಷದ ಮಗೀಗೆ ಕಂಡಿದ್ದು ನಿಮ್ಗೆ ಕಾಣ್ಲಿಲ್ವಲ್ಲ."

ಅಪ್ಪ ಹೆಂಗಸರ ಕಡೆ ನೋಡಿದ. ಅವರಲ್ಲಿ ಒಬ್ಬಳೂ ತಲೆ ತಗ್ಗಿಸಲಿಲ್ಲ. ಈಗೇನು ಮಾಡಬೇಕು ಅಂತೀಯ ಎಂದು ಅಪ್ಪ ಗೊಣಗಿದ. ಅಮ್ಮ ಒಲೆಯ ಹತ್ತಿರ ಹೋಗಿ ಬಟ್ಟಲಲ್ಲಿ ಬೂದಿ ತಂದು ಅವನ ಮುಂದೆ ಇಟ್ಟು, "ಕುಂತ್ಕಳ್ಳಿ" ಅಂದಳು.

ಅಪ್ಪ ಕೂತ. ನಾನೂ ಪಕ್ಕದಲ್ಲಿ ಕೂತೆ. ಅಕ್ಕ ಎರಡು ಬಲೂನನ್ನೂ ಬಿಚ್ಚಿ ಅಮ್ಮನ ಕೈಗೆ ಕೊಟ್ಟಳು. ಏನು ಮಾಡಬೇಕೆಂದು ತಿಳಿಯದೆ ಅಮ್ಮ ಅವನ್ನು ಮಡಿಲಲ್ಲಿಟ್ಟುಕೊಂಡೇ ಉಗ್ಗಾಣಿ ತಿಂದಳು. ಬಜ್ಜಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು ಅಂದಳು. ಹೆಂಗಸರು ಹೋದ ಮೇಲೆ ಅಲ್ಲೇ ಚಾಪೆ ಹಾಸಿ ಮಲಗಿದಳು. ಹಗಲಿನಲ್ಲಿ ಅಮ್ಮ ನಿದ್ದೆ ಮಾಡುವುದನ್ನು ನಾನು ಅದೇ ಮೊದಲು ನೋಡಿದ್ದು. ಟೀ ಅಂಗಡಿಯ ಗೆಳೆಯರು ಬಾಗಿಲಲ್ಲಿ ಇಣುಕಿ ನಕ್ಕಾಗ ಅಪ್ಪ ಎದ್ದು ಬಾಗಿಲು ಹಾಕಿಕೊಂಡು ಬಂದ. ಸಂಜೆಯವರೆಗೂ ಯಾರನ್ನೋ ಬೈಯುತ್ತಲೇ ಕೆಚ್ಚಿದ. ಕೊನೆಗೆ ಕತ್ತು ಹಿಡಿದುಕೊಂಡು ಎದ್ದವನು ಅಮ್ಮನ ಕಡೆ ಒಂದು ಸಲ ನೋಡಿದ. ತಾನು ತಿಂದ ಏಟಿಗೆ ನಾನೇ ಕಾರಣನೆಂದು ಅಕ್ಕ ಎಂಟು ದಿನ ಮಾತಾಡಲಿಲ್ಲ. ಈಗಲೂ ಫೋನ್ ಮಾಡಿದರೆ, ಏನೋ ಪೌಡರ್ ಎಂದೇ ಶುರು ಮಾಡುತ್ತಾಳೆ.

ಮುಂದಿನ ಅಮಾವಾಸ್ಯೆ ಬಂತು. ಅಪ್ಪ ಉಂಡು ಎದ್ದು, ಹಳೆಯ ಚಾಳಿಯಂತೆ ಚಪ್ಪಲಿ ಮೆಟ್ಟಿ ಹೊರಟ. ಅಮ್ಮ ಮಗ್ಗದ ಹತ್ತಿರ ಬೂದಿಯ ಬಟ್ಟಲು ಒಂದರ ಬದಲು ಎರಡು ಇಟ್ಟಳು. ಅಪ್ಪ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಚಪ್ಪಲಿ ಬಿಟ್ಟು ಒಳಗೆ ಬಂದ.

ಈಗ ನಿಮ್ಮ ಪಾರ್ಟಿಗೆ ಬರೋಣ. ನಿಮ್ಮ ಕಾಲದಲ್ಲಿ ಹುಟ್ಟಿದ ದಿನ ಎಲ್ಲರಿಗೂ ಗೊತ್ತು, ಬಲೂನು ಎರಡಲ್ಲ ಐವತ್ತು, ಚಪ್ಪಲಿ ರಾಶಿ ಕಂಡು ಯಾರೂ ಹೆದರುವುದಿಲ್ಲ. ಲೈಟು ಆರಿಸಿ ನೀವು ಕೂಗಿದಾಗ ನಿಮ್ಮಮ್ಮ ನಕ್ಕದ್ದನ್ನು ನೋಡಿ ನನಗೂ ಸಂತೋಷವಾಯಿತು. ಕೇಕು ತಿಂದು ನೀವೆಲ್ಲ ಫೋಟೋ ನೋಡುತ್ತಾ ಕೂತಿರಿ. ನಾನು ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ. ಅಲ್ಲಿ ನಿಮ್ಮಮ್ಮ ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು, ಕ್ರೀಮು ಮೆತ್ತಿದ ತಟ್ಟೆಗಳನ್ನು ಒಬ್ಬಳೇ ತೊಳೆಯುತ್ತಿದ್ದಳು. ಒಂದು ಕೈಯಿಂದ ಕತ್ತು ಒತ್ತಿಕೊಳ್ಳುತ್ತಿದ್ದಳು.

ಹೊರಗೆ ಬಂದು ನಾನು ಕೂಗಾಡಿದ್ದು ಅದಕ್ಕೇ. ಆ ಸಿಟ್ಟಿನಲ್ಲಿ ನಿಮ್ಮ ಪಾಲು ಸ್ವಲ್ಪ, ನಿಮ್ಮಪ್ಪನ ಪಾಲು ಹೆಚ್ಚು, ಎಲ್ಲಕ್ಕಿಂತ ಹೆಚ್ಚು ನನ್ನದೇ. ಅಷ್ಟೆಲ್ಲ ಕಣ್ಣಾರೆ ಕಂಡ ನಾನು, ನಿಮ್ಮಜ್ಜಿ ಇರುವವರೆಗೂ ಒಂದು ತಟ್ಟೆ ತೊಳೆದವನಲ್ಲ. ಮುಂದಿನ ವರ್ಷವೂ ಪಾರ್ಟಿ ಮಾಡಿ, ಬಲೂನು ಊದಲು ನನ್ನನ್ನೂ ಕರೆಯಿರಿ. ಆದರೆ ಬಲೂನು ಊದುವ ಮುಂಚೆ ಒಂದು ಚೀಟಿಯಲ್ಲಿ ತಟ್ಟೆ ತೊಳೆಯುವವರ ಹೆಸರು ಬರೆಯಬೇಕು. ಮೊದಲನೆಯ ಹೆಸರು ನನ್ನದು ಬರೆಯಿರಿ. ಎರಡನೆಯದು ನಿಮ್ಮಪ್ಪನದು. ಅವನು ಗೊಣಗಿದರೆ, ತಾತ ಕುಂತ್ಕಳ್ಳಿ ಅಂದ್ರು ಎಂದು ಹೇಳಿ.