ಕಾಶಪ್ಪನ ಟೆಂಪೊ ಸ್ಕಿಡ್ ಆದದ್ದು

ಮುಂಬಯಿಯ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ನಮ್ಮ ಚಾಳಿನ ಕಾಶಪ್ಪನಷ್ಟು ಗತ್ತಿನ ಹಾತ್‌ಗಾಡಿಯವನು ಇನ್ನೊಬ್ಬನಿರಲಿಲ್ಲ. ಕಲಬುರ್ಗಿ ಕಡೆಯ ಆಳು. ಎದೆಯುಬ್ಬಿಸಿ ಕೈಗಾಡಿಯನ್ನು ಮುಂದೆ ಎಳೆಯುವವನು ಅವನು, ಹಿಂದೆ ನಡೆಯುವವಳು ಹೆಂಡತಿ ಮಲ್ಲಕ್ಕ. ಸೇತುವೆ ಇಳಿಯುವಾಗ ಗಾಡಿ ಗಂಡನ ಬೆನ್ನೇರದಂತೆ, ಹಗ್ಗ ಕಟ್ಟಿದ ಮರದ ತುಂಡೊಂದನ್ನು ಚಕ್ರದಡಿ ತಳ್ಳುವುದು ಅವಳ ಕೆಲಸ.

ಎಪ್ಪತ್ತೆರಡರ ಬೇಸಿಗೆಯಲ್ಲಿ ಚಕ್ರ ಅವಳ ಕಾಲ್ಬೆರಳ ಮೇಲೆ ಹತ್ತಿತು. ಗಾಯ ಮಾಯುವ ಮೊದಲೇ ಮಲ್ಲಕ್ಕ ಮತ್ತೆ ಗಾಡಿಯ ಹಿಂದೆ ಬಂದು ನಿಂತಳು. ಅದನ್ನು ನೋಡಲಾರದೆ ಕಾಶಪ್ಪ ಡ್ರೈವರ್ ಆಗಲು ಹೊರಟ. ಲೈಸೆನ್ಸ್ ಸಿಕ್ಕರೆ ಟೆಂಪೊ ಕೊಡುತ್ತೇನೆಂದು ಈರುಳ್ಳಿ ದಲಾಲ ಹೇಳಿದ್ದ. ಆಮೇಲೆ ಇವಳು ಸೇತುವೆಯ ಕಡೆ ತಲೆಹಾಕುವುದೇ ಬೇಡ.

ಕಲಿಸಲು ಒಪ್ಪಿದವನು ಟೆಂಪೊ ಓಡಿಸುವ ಉಡುಪಿಯ ಅಣ್ಣು. ಹಿಂದೆ ಒಬ್ಬ ಇಂಗ್ಲಿಷ್ ಪ್ರೊಫೆಸರರ ಕಾರು ಓಡಿಸುತ್ತಿದ್ದ. ಅವರು ಹಿಂದಿನ ಸೀಟಿನಿಂದ ಕೊರೆದದ್ದೆಲ್ಲ ಪಾಪ, ಇವನ ತಲೆಯಲ್ಲಿ ಉಳಿದುಬಿಟ್ಟಿತ್ತು.

ಮೊದಲ ಮಳೆ ಬಿದ್ದ ದಿನ ಸೇತುವೆ ಇಳಿಯುವಾಗ ಕಾಶಪ್ಪ ಬ್ರೇಕನ್ನು ಒತ್ತಿದವನು ಬಿಡಲೇ ಇಲ್ಲ. ಟೆಂಪೊ ಸೊಂಟ ತಿರುಗಿಸಿ, ಅಡ್ಡಡ್ಡ ಜಾರಿ, ಬಾಳೆಹಣ್ಣಿನ ಬುಟ್ಟಿಯ ಮುಂದೆ ನಿಂತಿತು. ಬುಟ್ಟಿಯವನು ಮರಾಠಿಯಲ್ಲಿ ಕಾಶಪ್ಪನ ವಂಶವನ್ನೇ ಜಾಲಾಡಿದ.

"ಎಂತ ಮಾರಾಯ ನೀನು! ಬ್ರೇಕಿನ ಮೇಲೆಯೇ ನಿಂತ್ರೆ ಸ್ಕಿಡ್ ಆಗುದಿಲ್ವಾ?" ಎಂದ ಅಣ್ಣು.

"ಸ್ಕಿಡ್ ಅಂದ್ರ?"

"ಗಾಡಿ ಕೈತಪ್ಪಿ ಜಾರುದು. ಮೊದಲು ಹಾಗಲ್ಲವಂತೆ. ಇಳಿಜಾರಿನಲ್ಲಿ ಚಕ್ರಕ್ಕೆ ಅಡ್ಡ ಕೊಡುವ ಮರಕ್ಕೇ ಇಂಗ್ಲಿಷಿನವ್ರು ಸ್ಕಿಡ್ ಅಂತಿದ್ರಂತೆ. ಮರ ಕೊಟ್ರೆ ಚಕ್ರ ತಿರುಗುದಿಲ್ಲ, ತಿರುಗದೇ ಜಾರ್ತದೆ. ಕಡೆಗೆ ಆ ಜಾರುದಕ್ಕೇ ಮರದ ಹೆಸರು ಬಂತಂತೆ. ಪ್ರೊಫೆಸರ್ ಹೇಳಿದ್ದು."

ಹೆಂಡತಿಯ ಮರದ ತುಂಡಿಗೆ ಇಂಗ್ಲಿಷ್ ಹೆಸರಿದೆಯೆಂದು ಕಾಶಪ್ಪನಿಗೆ ಖುಷಿಯೋ ಖುಷಿ. ಸಂಜೆ ಅವನು ಮಲ್ಲಕ್ಕನಿಗೆ ಒಪ್ಪಿಸಿದ್ದು ಚಾಳಿನ ತೆಳು ಗೋಡೆಯ ಈಚೆ ನಮಗೂ ಕೇಳಿಸಿತು.

"ನೀ ಒತ್ತಿ ಹಿಡದ್ರ ಗಾಡಿ ಸೀದಾ ಇಳೀತದ. ನಾ ಒತ್ತಿದ್ರ ಯಾಕ ಜಾರ್ತದ?"

ಮಲ್ಲಕ್ಕ ನಕ್ಕಳು. "ಒತ್ತಿ ಹಿಡೀತೀನಂತ ಯಾರ್ ಹೇಳ್ಯಾರ? ಒಂದ ಗಾಲಿಗಿ ಹಂಗ ಹಿಡದ್ರ ಗಾಡಿ ಅಡ್ಡ ತಿರಗತದ. ಕಟಗಿ ಕೊಡ್ತೀನಿ, ಹಗ್ಗ ಜಗ್ಗತೀನಿ, ಮತ್ತ ಕೊಡ್ತೀನಿ. ನೀ ಯಾವಾಗರ ಹಿಂದ ಹೊಳ್ಳಿ ನೋಡೀಯೇನು?"

ಅಷ್ಟು ವರ್ಷ ಗಾಡಿ ತನ್ನ ತೋಳ್ಬಲದಿಂದಲೇ ಇಳಿಯುತ್ತಿದೆಯೆಂದು ನಂಬಿದ್ದ ಗಂಡಸು! ನನಗೆ ಅವನ ಮೇಲೆ ಸಿಟ್ಟು ಬಂತು, ಅವಳ ಮೇಲೆ ಹೆಮ್ಮೆಯೂ ಉಕ್ಕಿತು.

ಟೆಸ್ಟಿನ ದಿನವೂ ಮಳೆ. ಇಳಿಜಾರಿನ ನಡುವೆ ಇನ್ಸ್‌ಪೆಕ್ಟರ್ "ರೋಕೋ!" ಎಂದು ಕೂಗಿದ. ಕಾಶಪ್ಪ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಟೆಂಪೊ ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು.

ಯಾರು ಕಲಿಸಿದ್ದು ಎಂದು ಕೇಳಿದ ಇನ್ಸ್‌ಪೆಕ್ಟರ್. ಕಲಿಸಿದ ಅಣ್ಣು ಹಿಂದೆಯೇ ಕೂತು ಕಾಲರ್ ಸರಿಮಾಡಿಕೊಳ್ಳುತ್ತಿದ್ದ.

"ಮೇರೀ ಔರತ್, ಸಾಬ್," ಎಂದ ಕಾಶಪ್ಪ.

ಹಾಗಾದರೆ ಹೆಂಡತಿಯ ಹತ್ತಿರ ಲೈಸೆನ್ಸ್ ಇದೆಯೋ ಎಂದು ಇನ್ಸ್‌ಪೆಕ್ಟರ್ ಹುಬ್ಬೇರಿಸಿದ. ಕಾಶಪ್ಪನ ಮುರುಕು ಹಿಂದಿಯೂ ಕೈಕೊಟ್ಟಿತು.

"ಇಲ್ರಿ ಸಾಹೇಬ್ರ. ನೀವು ನನಗ ಕೊಟ್ರ, ಅಕೀ ಗಾಲಿ ಹಿಂದ ನಡಿಯೂದು ತಪ್ಪತದ್ರಿ."

ಇನ್ಸ್‌ಪೆಕ್ಟರಿಗೆ ಒಂದಕ್ಷರ ತಿಳಿಯಲಿಲ್ಲ. ನಗುತ್ತಲೇ ಪಾಸ್ ಎಂದ. ಕಾಶಪ್ಪ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟ.