ಕಿಟಕಿಯ ಪಾಳಿ

ನಮ್ಮ ಮದುವೆಯಾಗಿ ಮೂವತ್ತೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನ್ನ ಜೊತೆ ಹೋದಾಗ ನನ್ನ ಹೆಂಡತಿ ಒಮ್ಮೆಯೂ ಬಸ್ಸಿನ ಕಿಟಕಿ ಪಕ್ಕ ಕೂತಿಲ್ಲ. ನಾನಿಲ್ಲದೆ ಅವಳು ಬಸ್ಸು ಹತ್ತಿದ್ದು ಕಡಿಮೆ. ಹತ್ತಿದಾಗಲೂ ನೂಕುನುಗ್ಗಲಿನಲ್ಲಿ ಸಿಕ್ಕ ಕಡೆ ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಇಳಿಯುವ ಊರನ್ನೇ ಕಾದವಳು. ಈ ಸಂಗತಿಯನ್ನು ನಾನಾಗಿ ಕಂಡುಹಿಡಿದೆ ಎಂದುಕೊಳ್ಳಬೇಡಿ. ಯುರೋಪಿಗೆ ಹೋಗುವ ಗುಂಪು ಪ್ರವಾಸಗಳಲ್ಲಿ ಯಾವುದು ಛಲೋ ಎಂದು ಆರಿಸಲು ಹೊರಟಾಗ ಅವಳೇ ನನಗೆ ತಿಳಿಸಿಕೊಟ್ಟಳು, ಅದೂ ಮೂರನೆಯವರ ಎದುರಿಗೆ.

ಕಿಟಕಿ ನನ್ನ ಪಾಲಿಗೆ ಬಂದದ್ದು ಹೀಗೆ. ಮದುವೆಯಾದ ಹೊಸದರಲ್ಲಿ ಬನಹಟ್ಟಿಯಿಂದ ಬೀಳಗಿಗೆ, ಅವಳ ತವರಿಗೆ, ಹೊರಟಿದ್ದೆವು. ಮಗ ಅತ್ತೆಯ ಮನೆಗೆ ಹಸಿದ ಮುಖ ಹೊತ್ತುಕೊಂಡು ಹೋಗಬಾರದೆಂದು ನಮ್ಮವ್ವ ಹೋಳಿಗೆ ಬಡಿಸಿದ್ದಳು. ಅವ್ವ ಬಡಿಸುತ್ತಾ ಹೋದಳು, ನಾನು ತಿನ್ನುತ್ತಾ ಹೋದೆ. ಮೂವರ ಸೀಟಿನಲ್ಲಿ ಕಿಟಕಿ ಪಕ್ಕ ತಲೆಗೆ ಪಟಗಾ ಸುತ್ತಿದ ಒಬ್ಬ ಮುದುಕ, ನಡುವೆ ಹೊಸ ಹೆಂಡತಿ, ಈ ತುದಿಗೆ ನಾನು. ಜಮಖಂಡಿ ದಾಟಿದ್ದೇ ತಡ, ಹೋಳಿಗೆ ಬಂದ ದಾರಿ ಹಿಡಿಯಿತು. ಇಬ್ಬರನ್ನೂ ದಾಟಿ ಕಿಟಕಿ ಮುಟ್ಟುವಷ್ಟು ವ್ಯವಧಾನ ನನಗಿರಲಿಲ್ಲ. ಮುದುಕ ಮಾತ್ರ ದೊಡ್ಡ ಮನುಷ್ಯ. ಪಟಗಾ ಬಿಚ್ಚಿ ಝಾಡಿಸಿ, ತನ್ನ ಜಾಗ ನನಗೆ ಕೊಟ್ಟು, "ತಮ್ಮಾ, ಇನ್ನ ಮ್ಯಾಲ ಕಿಟಕಿ ಬಿಟ್ಟು ಕುಂದ್ರಬ್ಯಾಡಪಾ" ಅಂದ. ಆ ಮಾತನ್ನು ಗುರುಗಳ ಉಪದೇಶದ ಹಾಗೆ ಪಾಲಿಸಿಕೊಂಡು ಬಂದಿದ್ದೇನೆ.

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ದಸ್ತಿ ಒಗೆದು ಸೀಟು ಹಿಡಿಯುವುದು ನಮ್ಮ ಕಡೆಯ ವಿದ್ಯೆ. ದಸ್ತಿ ಅಂದರೆ ಕರವಸ್ತ್ರ; ನನ್ನದು ಮಾತ್ರ ಟಾವೆಲಿನ ತಮ್ಮ, ಗಾಳಿಗೆ ಹಾರಬಾರದೆಂದು ತುದಿಗೆ ಗಂಟು ಹಾಕಿರುತ್ತೇನೆ. ಆ ವಿದ್ಯೆಯಲ್ಲಿ ನನ್ನನ್ನು ಸೋಲಿಸಿದವಳು ಚಿಮ್ಮಡದ ಮುದುಕಿ ಒಬ್ಬಳೇ. ನನ್ನ ದಸ್ತಿಯ ಮೇಲೆ ಕೂತು, ಆಮೇಲೆ ಅದನ್ನು ಕೆಳಗಿನಿಂದ ಎಳೆದು, "ನಿಂದೇನಪಾ ಇದು? ಬಿದ್ದಿತ್ತು ನೋಡು" ಎಂದು ಕೈಗೆ ಕೊಟ್ಟು, ಕೂತೇ ಬಿಟ್ಟಳು. ಈಚೆಗೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಾನು ಹೆಂಡತಿಗೆ ಇನ್ನೊಂದು ನ್ಯಾಯವನ್ನೂ ಹೇಳಿದ್ದೆ: "ನಿಂದು ಪುಕ್ಕಟ ಟಿಕೇಟು, ನಂದು ರೊಕ್ಕದ್ದು. ಕಿಟಕಿ ಯಾರಿಗಿ ಬರಬೇಕು, ನೀನ ಹೇಳು." ಅವಳು ನಕ್ಕಳು. ನಕ್ಕದ್ದನ್ನು ನಾನು ಒಪ್ಪಿಗೆ ಎಂದು ಹಿಡಿದೆ.

ಕಿಟಕಿಯಿಂದ ನೋಡಿದ್ದು ನನಗೆ ಬಾಯಿಪಾಠ. ಜಮಖಂಡಿಯ ದಾರಿಯಲ್ಲಿ ರಸ್ತೆಗೆ ಅಂಟಿಕೊಂಡು ಒಂದು ಮೆಟ್ಟಿಲು ಬಾವಿ ಇದೆ. ಸುತ್ತ ಗೋಡೆ ಇರುವುದರಿಂದ ಗಾಡಿಯ ಮೇಲೆ ಹೋಗುವವರಿಗೆ ಅದು ಬರೀ ಗೋಡೆ. ಬಸ್ಸಿನ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದರೆ ಮಾತ್ರ ತಳದ ಹಸಿರು ನೀರಿನವರೆಗೆ ಕಾಣುತ್ತದೆ. ಅದು ಬಂತೆಂದರೆ ಅರ್ಧ ದಾರಿ ಮುಗಿಯಿತೆಂದು ನನ್ನ ಲೆಕ್ಕ.

ಇನ್ನು ಯುರೋಪಿನ ಸುದ್ದಿ. ನನ್ನ ಹೆಂಡತಿಯ ತಂಗಿಯನ್ನು ಮುಧೋಳಕ್ಕೆ ಕೊಟ್ಟಿದೆ. ಅವಳ ಗಂಡ, ಅಂದರೆ ನನ್ನ ಸಡ್ಡಕ, ಯುರೋಪಿಗೆ ಹೋಗಿ ಬಂದ. ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರೆ. ಅವನು ಮೊದಲರ್ಧ ಮುಗಿಸಿ ಎರಡನೆಯದಕ್ಕೆ ಕೈ ಹಚ್ಚಲಿಲ್ಲ. ಬಂದಾಗಿನಿಂದ ತಲೆಯ ಮೇಲೆ ಒಂದು ದುಂಡನೆಯ ಉಣ್ಣೆ ಟೊಪ್ಪಿಗೆ, ನಮ್ಮ ಏಪ್ರಿಲ್ ಬಿಸಿಲಲ್ಲೂ ತೆಗೆಯುವುದಿಲ್ಲ. ಮಿರ್ಚಿ ಭಜಿ ತಿನ್ನುತ್ತಾ "ಸ್ವಿಟ್ಜರ್‌ಲ್ಯಾಂಡಿನ್ಯಾಗ ಮೆಣಸಿನಕಾಯಿಗೆ ಖಾರನ ಇಲ್ಲೋ ಮಾರಾಯಾ" ಅನ್ನುತ್ತಾನೆ. ಬೆರಳು ಮಡಚಿ ಎಣಿಸುತ್ತಾ "ನಮ್ದು ಎಂಟು ದೇಶ" ಅನ್ನುತ್ತಾನೆ. ಆ ಎಂಟು ನನ್ನ ನಿದ್ದೆ ಕೆಡಿಸಿತು. ಬನಹಟ್ಟಿಯ ಸೀರೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ನಾನೂ ಖಾಲಿ ಕೂತಿದ್ದೆ. ಒಂಬತ್ತಕ್ಕೆ ಕಡಿಮೆಯಾದರೆ ಹೋಗುವುದೇ ಬೇಡ ಎಂದು ನಿಶ್ಚಯಿಸಿ ಹೆಂಡತಿಗೆ ಹೇಳಿದೆ.

"ಬರತೀನಿ," ಅಂದಳು. "ಆದ್ರ ಯಾವುದು ಅಂತ ನಾನೂ ಕೇಳಾಕಿನ."

ಮೊದಲನೆಯದನ್ನು ನೋಡಲು ದೂರ ಹೋಗಬೇಕಾಗಲಿಲ್ಲ. ಪ್ರವಾಸದ ಕಂಪನಿಯವರು ಬನಹಟ್ಟಿಗೇ ಬಂದು, ಒಂದು ಹೋಟೆಲಿನ ಮಾಳಿಗೆಯ ಮೇಲೆ ಪರದೆ ಕಟ್ಟಿ, ಮಂಡಕ್ಕಿಯ ಸೂಸಲಾ, ಚಹಾ ಕೊಟ್ಟು ಚಿತ್ರ ತೋರಿಸಿದರು. ಹದಿನಾಲ್ಕು ದಿನ, ಹನ್ನೆರಡು ದೇಶ! ನಾನು ಆಗಲೇ ಮನಸ್ಸಿನಲ್ಲಿ ಸಡ್ಡಕನ ಟೊಪ್ಪಿಗೆ ಕೆಳಗಿಳಿಸಿದ್ದೆ. ಕಾಗದ ಓದಿದರೆ ಪ್ರತಿ ಅರಮನೆಯ ಮುಂದೂ, ಪ್ರತಿ ಚರ್ಚಿನ ಮುಂದೂ "ಹೊರಗಿನಿಂದ ವೀಕ್ಷಣೆ" ಎಂದಿತ್ತು. ಹಾಗಂದರೇನು ಎಂದು ಹೆಂಡತಿ ಕೇಳಿದಳು.

"ಬಸ್ಸಿನ್ಯಾಗಿಂದ ನೋಡೂದ್ರಿ ಅವ್ವಾರ," ಅಂದ ಕಂಪನಿಯವ.

"ಕಳಸದ ದರ್ಶನ ಇದ್ದಂಗ," ಎಂದು ನಾನು ತಿಳಿಹೇಳಿದೆ. "ಗುಡಿ ಒಳಗ ಹೋಗಾಕ ಆಗದವರು ಕಳಸ ನೋಡಿ ಕೈ ಮುಗುದ್ರ ಅಷ್ಟ ಪುಣ್ಯ ಬರತೈತಿ."

"ಖರೆ. ಕಳಸ ಕಾಣಾಕ ಕಿಟಕಿ ಬೇಕಲ್ಲ?" ಎಂದವಳೇ ಕಂಪನಿಯವನ ಕಡೆ ತಿರುಗಿದಳು. "ಬಸ್ಸಿನ್ಯಾಗ ಕಿಟಕಿ ಸೀಟು ಯಾರಿಗಿ ಕೊಡತೀರಿ?"

"ಯಾರು ಮೊದಲು ಹತ್ತತಾರ, ಅವರಿಗ್ರಿ."

ನಾನು ಕಿಸೆಯಲ್ಲಿದ್ದ ದಸ್ತಿ ಮುಟ್ಟಿ ನೋಡಿಕೊಂಡೆ. ಹನ್ನೆರಡು ದೇಶಗಳ ಬಸ್‌ ಸ್ಟ್ಯಾಂಡಿನಲ್ಲಿ ನನ್ನ ದಸ್ತಿ ಹಾರುವುದು ಕಣ್ಣಿಗೆ ಕಟ್ಟಿತು. ಹೆಂಡತಿ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೂಸಲಾದ ತಾಟಿನ ಕೆಳಗೆ ಇಟ್ಟು ಎದ್ದಳು. ಮರೆತಳೇನೋ ಎಂದು ನಾನೇ ತೆಗೆದು, ಎಣ್ಣೆ ಒರೆಸಿ, ಮನೆಗೆ ತಂದೆ.

ಎರಡನೆಯದಕ್ಕೆ ಮುಧೋಳದ ಸಡ್ಡಕನ ಮನೆಯಿಂದಲೇ ಕರೆ ಬಂತು. ಅವನು ಹೋಗಿದ್ದ ಕಂಪನಿಯ ಮನುಷ್ಯ ಅಲ್ಲಿ ಕೂತಿದ್ದ. ಈಗ ಅವರದು ಹತ್ತು ದೇಶವಂತೆ. ಜೊತೆಗೆ ಅಡುಗೆಯವರು, ದಿನಾ ಸಂಜೆ ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ರೊಟ್ಟಿ ಎಂಬ ಮಾತು ಬಂದ ಕೂಡಲೇ ನಾನು ಅರ್ಧ ಒಪ್ಪಿದ್ದೆ. ಹೆಂಡತಿ ರೊಟ್ಟಿಗೆ ಸೋಲಲಿಲ್ಲ. ಅಜ್ಜಿಗೆ ಅರಿವೆ ಚಿಂತೆ ಅಂದಂತೆ, ಅವಳದು ಮತ್ತೆ ಅದೇ ಪ್ರಶ್ನೆ.

"ಟಿಕೇಟಿನ್ಯಾಗ ಯಾರ ಹೆಸರು ಮೊದಲ ಇರತೈತಿ, ಕಿಟಕಿ ಅವರದ್ರಿ ಅಕ್ಕಾರ. ಕಡೀತನಕ ಬದಲಿ ಇಲ್ಲ, ತಂಟೇನೂ ಇಲ್ಲ."

"ಮೊದಲ ಯಾರ ಹೆಸರು ಬರೀತೀರಿ?"

"ಯಜಮಾನ್ರದ್ರಿ," ಅಂದ ಅವನು, ಇದನ್ನೂ ಕೇಳಬೇಕೇ ಎಂಬಂತೆ.

"ಛಲೋ ಪದ್ಧತಿ," ಎಂದ ಸಡ್ಡಕ. "ನಾ ಅಂತೂ ಕಿಟಕಿ ಬಾಜೂಕ ಕುಂತು ಇಡೀ ಯುರೋಪ ನೋಡೇನಿ."

ಒಳಗೆ ಭಜಿ ಕರಿಯುತ್ತಿದ್ದ ಅವನ ಹೆಂಡತಿ ಅಲ್ಲಿಂದಲೇ ಕೂಗಿ ಹೇಳಿದಳು: "ನಾ ಇವರ ಟೊಪಗಿ ನೋಡೇನಿ."

ಅಕ್ಕ ತಂಗಿ ಇಬ್ಬರೂ ನಗತೊಡಗಿದರು. ಒಬ್ಬಳು ಅಡುಗೆಮನೆಯಲ್ಲಿ, ಒಬ್ಬಳು ಪಡಸಾಲೆಯಲ್ಲಿ, ನಡುವೆ ನಾವು ಮೂವರು ಗಂಡಸರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಸಡ್ಡಕ ಅವತ್ತು ಮೊದಲ ಸಲ ಟೊಪ್ಪಿಗೆ ಮುಟ್ಟಿ ನೋಡಿಕೊಂಡ. ನಾನು ಅವನನ್ನು ನೋಡಿ ಬಹಳ ಖುಷಿಯಿಂದ ನಕ್ಕೆ. ನಗುವಿನಲ್ಲಿ ನನ್ನ ಪಾಲೂ ಇದೆ ಎಂದು ನನಗೆ ಹೊಳೆಯಲೇ ಇಲ್ಲ.

ಮನೆಗೆ ಬಂದು ಎರಡೂ ಕಾಗದಗಳನ್ನು ಹಾಸಿಗೆಯ ಮೇಲೆ ಹರಡಿದೆ. ಸೀರೆ ಮಾರಿದವನು ನಾನು. ಯಾವುದನ್ನೇ ಆರಿಸಲಿ, ಮೊದಲು ಬೆರಳಲ್ಲಿ ತಿಕ್ಕಿ, ಆಮೇಲೆ ತಿರುಗಿಸಿ ಹಿಂಬದಿ ನೋಡುವುದು ರೂಢಿ. ಮೊದಲನೆಯದು ಬರೀ ಸೆರಗು: ಮೇಲೆ ಪ್ಯಾರಿಸ್ಸಿನ ಗೋಪುರ ಝಗಝಗಿಸುತ್ತದೆ, ಒಡಲು ನೋಡಿದರೆ ಬೆಳಗಿನಿಂದ ಸಂಜೆವರೆಗೆ ಡಾಂಬರು ರಸ್ತೆ. ಎರಡನೆಯದು ದಿನಬಳಕೆಯ ಗಟ್ಟಿ ಸೀರೆ, ತೊಳೆದರೆ ಬಣ್ಣ ಹೋಗದು, ರೊಟ್ಟಿಯೂ ಇದೆ. ನನ್ನ ಮನಸ್ಸು ಹನ್ನೆರಡಕ್ಕೂ ರೊಟ್ಟಿಗೂ ನಡುವೆ ಓಲಾಡುತ್ತಿತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವನು, ಆದರೆ ಅವತ್ತು ಎರಡು ಮೊಲ ಹಿಡಿದು ಕೂತಿದ್ದೆ.

"ನಿನಗ ಯಾವುದು ಬೇಕು?" ಎಂದು ಸಿಟ್ಟಿನಿಂದ ಕೇಳಿದೆ.

"ಜಮಖಂಡಿಯೊಳಗ ಇನ್ನೊಂದು ಐತಂತ. ಅದನ್ನೂ ಕೇಳೂಣು."

ಜಮಖಂಡಿಯ ಆಫೀಸಿನಲ್ಲಿದ್ದವಳು ನಮ್ಮ ಸೊಸೆಯ ವಯಸ್ಸಿನ ಹುಡುಗಿ. ಅವರದು ಆರೇ ದೇಶ. ಆರು ಅಂದದ್ದೇ ನಾನು ಚಪ್ಪಲಿ ಹುಡುಕತೊಡಗಿದೆ; ಎಂಟರ ಮುಂದೆ ಆರು ಹಿಡಿದುಕೊಂಡು ಮುಧೋಳಕ್ಕೆ ಯಾವ ಮುಖದಿಂದ ಹೋಗಲಿ? ಹೆಂಡತಿ ಕುರ್ಚಿ ಮುಂದೆ ಎಳೆದುಕೊಂಡು ಕಿಟಕಿಯ ಮಾತು ಕೇಳಿದಳು.

"ನಮ್ಮಲ್ಲಿ ದಿನಾ ಪಾಳಿ ಪ್ರಕಾರ ಸೀಟು ಸರೀತಾವ್ರಿ ಅವ್ವಾರ. ಇವತ್ತ ಮುಂದ ಕುಂತವರು ನಾಳೆ ಹಿಂದ. ಎಲ್ಲಾರಿಗೂ ಎಲ್ಲಾ ಸಿಗತೈತಿ."

ಪಾಳಿ ಎಂಬ ಮಾತಿಗೆ ಹೆಂಡತಿಯ ಮುಖ ಅರಳಿತು. "ಕಿಟಕಿನೂ?"

ಹುಡುಗಿ ಪೆನ್ನು ಕೆಳಗಿಟ್ಟಳು. "ಸಾಲು ಸರೀತಾವ್ರಿ. ಸಾಲಿನ್ಯಾಗ ಕಿಟಕಿಗಿ ಯಾರು ಅನ್ನೂದು ಗಂಡ ಹೆಂಡ್ತಿ ನೀವ ಬಗೀಹರಿಸ್ಕೋಬೇಕು."

"ಅದು ಮೂವತ್ತೆರಡು ವರ್ಷ ಆತು, ಬಗೀಹರಿದಿಲ್ಲವ್ವಾ," ಎಂದಳು ನನ್ನ ಹೆಂಡತಿ. "ಬಗೀಹರಿದೈತಿ ಅಂತ ಇವರು ತಿಳದಾರ."

ನಾನು ಗಂಟಲು ಸರಿಮಾಡಿಕೊಂಡು ವಾಂತಿಯ ಸಂಗತಿ ವಿವರಿಸಿದೆ. ಹೋಳಿಗೆ, ಪಟಗಾ, ಮುದುಕನ ಉಪದೇಶ, ಯಾವುದನ್ನೂ ಬಿಡಲಿಲ್ಲ.

"ಈಗೂ ಆಗತೈತೇನ್ರಿ ಕಾಕಾ?"

"ಇಪ್ಪತ್ತೈದು ವರ್ಷದ ಮ್ಯಾಲಾತು, ಒಮ್ಮೆರೆ ಆಗಿಲ್ಲ," ಎಂದು ಹೆಂಡತಿ ನನ್ನ ಪರವಾಗಿ ಉತ್ತರಿಸಿದಳು.

"ಕಿಟಕಿ ಬಾಜೂಕ ಕುಂತದ್ದಕ್ಕ ಆಗಿಲ್ಲ!" ಎಂದು ನಾನು ಮೇಜು ಕುಟ್ಟಿದೆ. ವಾದ ಗಟ್ಟಿಯಾಗಿತ್ತು. ಆದರೂ ಆ ಹುಡುಗಿ ತುಟಿ ಒತ್ತಿ ಹಿಡಿದು ಕಂಪ್ಯೂಟರಿನ ಕಡೆ ಮುಖ ಮಾಡಿದಳು.

ಅರ್ಜಿಯಲ್ಲಿ "ವಿಶೇಷ ಬೇಡಿಕೆ" ಎಂದು ಒಂದು ಖಾನೆ ಇತ್ತು. ಅಲ್ಲಿ ಜನ ಏನು ಬರೆಸುತ್ತಾರೆ ಎಂದು ಹೆಂಡತಿ ಕೇಳಿದಳು. ಉಳ್ಳಾಗಡ್ಡಿ ಬ್ಯಾಡ, ಬಳ್ಳೊಳ್ಳಿ ಬ್ಯಾಡ, ಸಕ್ಕರೆ ಕಾಯಿಲೆ ಐತಿ, ಅಂಥವು ಎಂದಳು ಹುಡುಗಿ.

"ಹಂಗಾದ್ರ ಬರೀವ್ವಾ. ಕಿಟಕಿ ಪಾಳಿ. ಒಂದು ದಿನ ನಾನು, ಒಂದು ದಿನ ಇವರು. ಮೊದಲ್ನೇ ದಿನ ನಾನು. ಕೆಳಗ ಇವರ ಸಹಿ ತಗೋ."

ನಾನು ಸಹಿ ಮಾಡಿದೆ. ಆರು ದೇಶಕ್ಕೆ, ರೊಟ್ಟಿ ಇಲ್ಲದ ಪ್ರವಾಸಕ್ಕೆ, ಅರ್ಧ ಕಿಟಕಿಗೆ. ನಮ್ಮಿಬ್ಬರಿಗೂ ಮೆಚ್ಚಿದ ಪ್ರವಾಸ ಇದು ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಅವತ್ತು ನಾಚಿಕೆಗೆ ನನ್ನ ಕಿವಿ ಬಿಸಿಯಾಗಿದ್ದವು.

ಜಮಖಂಡಿಯ ಬಸ್‌ ಸ್ಟ್ಯಾಂಡಿನಲ್ಲಿ ಬನಹಟ್ಟಿಯ ಬಸ್ಸು ತಿರುಗುತ್ತಿದ್ದಂತೆ ನನ್ನ ಕೈ ತಾನೇ ದಸ್ತಿ ಒಗೆಯಿತು. ಗಂಟು ಸರಿಯಾಗಿ ಕಿಟಕಿ ಸೀಟಿಗೇ ಬಿತ್ತು. ಒಳಗೆ ಹೋದ ಮೇಲೆ ನಾನು ಪಕ್ಕಕ್ಕೆ ಸರಿದು ನಿಂತು, "ಕುಂದ್ರು, ಇವತ್ತ ನೀನ ಕುಂದ್ರು" ಅಂದೆ. ಮೂವತ್ತೆರಡು ವರ್ಷದಲ್ಲಿ ಅಷ್ಟು ದೊಡ್ಡ ಮಾತು ಆಡಿದ್ದು ಅದೇ ಮೊದಲು. ಹಿಂದಿನ ಸೀಟಿನವರು ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಜೋರಾಗಿಯೇ ಆಡಿದೆ.

"ಬ್ಯಾಡ್ರಿ," ಅಂದಳು. "ನಮ್ಮಪ್ಪನ ಹೊಲಕ್ಕ ನೀರಿನ ಪಾಳಿ ಇತ್ತು. ಪಾಳಿ ದಿನ ಅಂವ ಯಾರ ಮುಂದನೂ ತಲಿ ಬಗ್ಗಸ್ತಿದ್ದಿಲ್ಲ. ಪಾಳಿ ಇಲ್ಲದ ದಿನ ಯಾರರೆ ಪಾಪ ಅಂತ ನೀರು ಬಿಟ್ರ, ಆರು ತಿಂಗಳು ಅವರಿಗಿ ಕೈ ಮುಗೀತಿದ್ದ. ನೀವು ಕುಂದ್ರಿ. ನನ್ನ ಪಾಳಿ ಇನ್ನೂ ಬಂದಿಲ್ಲ."

ಕೊಟ್ಟರೂ ತೆಗೆದುಕೊಳ್ಳಲಿಲ್ಲವೆಂದು ಮೊದಲು ಸಿಟ್ಟು ಬಂತು. ಆಮೇಲೆ ಕಿಟಕಿ ಪಕ್ಕ ಕೂತೆ, ಕೂತು ಏನು ಮಾಡಬೇಕೋ ತಿಳಿಯಲಿಲ್ಲ. ಹೊರಗೆ ನೋಡಿದರೆ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಅವಳಿಗೆ ಕಾಣಲಿ ಎಂದು ತಲೆಯನ್ನು ಸೀಟಿನ ಬೆನ್ನಿಗೆ ಒತ್ತಿ, ಹೊಟ್ಟೆ ಒಳಗೆಳೆದು, ದಾಡಿ ಮಾಡಿಸಿಕೊಳ್ಳುವವನ ಹಾಗೆ ಗದ್ದ ಮೇಲೆತ್ತಿ ಕೂತೆ. ಕಂಡಕ್ಟರ್ ನನ್ನನ್ನು ನೋಡಿ, "ಯಾಕ್ರಿ ಕಾಕಾ, ಆರಾಮಿಲ್ಲೇನು?" ಎಂದು ಕೇಳಿ ಮುಂದೆ ಹೋದ.

ಅರ್ಧ ದಾರಿಯಲ್ಲಿ ಅವಳು ಒಮ್ಮೆಲೇ ನನ್ನ ಮೊಣಕಾಲಿನ ಮೇಲೆ ಕೈ ಊರಿ, ನನ್ನನ್ನು ದಾಟಿ ಕಿಟಕಿಗೆ ಬಗ್ಗಿದಳು.

"ಏನ್ರೀ, ಇಲ್ಲಿ ಬಾವಿ ಐತಿ! ಮೆಟ್ಲ ಎಷ್ಟ ಚಂದ ಅದಾವ! ಯಾವಾಗ ತಗದ್ರು ಇದನ್ನ?"

"ನಮ್ಮ ಮದುವಿಗಿಂತ ಮೊದಲಿಂದನೂ ಐತಿ," ಅಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. "ಮತ್ತ ಇಷ್ಟು ವರ್ಷ ಒಮ್ಮೆರೆ ಹೇಳಲೇ ಇಲ್ಲಲ್ಲ?"

ನಾನು ಹೇಳಿರಲಿಲ್ಲ. ಪಕ್ಕದಲ್ಲೇ ಕೂತಿದ್ದಾಳಲ್ಲ, ಅವಳಿಗೂ ಕಾಣುತ್ತಿದೆ ಎಂದೇ ತಿಳಿದಿದ್ದೆ.