ಇದ್ರಾಗ ಯಾರ ಕಥಿ ಐತ್ರಿ?

ಕೊಟ್ಟೂರಿಗೆ ಬಂದ ದಿನ ಬಾಡಿಗೆ ಮನೆಯ ದಾರಿ ಕೇಳಿದರೆ ಕಿರಾಣಿ ಅಂಗಡಿಯವರು, "ಬೇವಿನ ಗಿಡ ಕಂಡ್ರ ದಾಟಿ ಬಂದೀವಿ ಅಂತ ತಿಳ್ಕೊರಿ, ಹೊಳ್ಳಿ ಬರ್ರಿ" ಎಂದರು. ಕುಂದಾಪುರದ ಕಡೆ ನಾವು ನಿಂತ ಜಾಗದಿಂದ ಎಡ, ಬಲ ಎಂದು ಶುರುಮಾಡುತ್ತೇವೆ. ಇಲ್ಲಿ ದಾರಿ ತಪ್ಪಿದ ಜಾಗದಿಂದಲೇ ಶುರು. ಹೊಳ್ಳಿ ಎಂದರೆ ಹಿಂತಿರುಗಿ ಎಂಬುದು ಬೇವಿನ ಮರ ದಾಟಿ ಅರ್ಧ ಮೈಲಿ ಹೋದ ಮೇಲೆ ಇನ್ನೊಬ್ಬರಿಂದ ತಿಳಿಯಿತು. ಕನ್ನಡದ ಟೀಚರ್ ಆಗಿ ಬಂದವಳಿಗೆ ಸಿಕ್ಕ ಮೊದಲ ಪಾಠ ಅದು.

ಮನೆಯ ಮಾಲೀಕರು ಹಂಪಮ್ಮ. ಮೊದಲ ತಿಂಗಳು ಜೋಳದ ರೊಟ್ಟಿ ಅಗಿದು ನನ್ನ ದವಡೆ ನೋಯುತ್ತಿದ್ದರೆ ಅವರು ನಗುತ್ತಿದ್ದರು. ಕುಚ್ಚಲಕ್ಕಿ ಗಂಜಿಯ ನೆನಪಾದರೆ ಸಂಜೆಗಳು ಕಳೆಯುತ್ತಿರಲಿಲ್ಲ. ಒಂಟಿತನ ಎನ್ನುವುದು ನನಗೆ ಹೊಟ್ಟೆಯಿಂದಲೇ ಶುರುವಾಯಿತು. ಆ ಸಂಜೆಗಳನ್ನು ತುಂಬಿದವಳು ಅವರ ಕಿರಿಯ ಸೊಸೆ ರೇಣುಕಾ.

ಅವರ ಓಣಿಯ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿಯಾಗುವುದಿತ್ತು. ಹತ್ತನೆಯದು ಪಾಸಾಗಿದ್ದರೆ ಅರ್ಜಿ ಹಾಕಬಹುದು. ರೇಣುಕಾಗೆ ಉಳಿದದ್ದು ಕನ್ನಡವೊಂದೇ, ಅದರಲ್ಲೂ ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆ. ಈ ಸಲ ತಪ್ಪಿದರೆ ಜಾಗ ಬೇರೆಯವರ ಪಾಲು.

ಜೋಳ ಮತ್ತು ಮೆಕ್ಕೆಜೋಳದ ಕುರಿತ ಒಂದು ಪುಟ ಕೊಟ್ಟೆ. ತಡವರಿಸದೆ ಓದಿದಳು. ಓದಿ ಮುಗಿಸಿ, "ಇದ್ರಾಗ ಯಾರ ಕಥಿ ಐತ್ರಿ ಟೀಚರ್?" ಎಂದಳು.

ನನಗೆ ನಗು ಬಂತು, ಆಮೇಲೆ ಕುತೂಹಲ. ಅವಳು ಪ್ರತಿ ಪುಟದಲ್ಲೂ ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದಳು. ಯಾರು, ಅವರಿಗೆ ಏನಾಯಿತು, ಕೊನೆಗೆ ಬದುಕಿದರೋ ಇಲ್ಲವೋ. ಕೇಳಿ ಬೆಳೆದದ್ದೆಲ್ಲ ಕಥೆಯಾದ ಮೇಲೆ ಹಾಗೆ ಹುಡುಕುವುದು ಸಹಜವೇ. ಮಾಹಿತಿಯ ಬರಹಕ್ಕೆ ಬೇರೆ ಬೇರೆ ಕಟ್ಟುಗಳಿವೆ, ಕ್ರಮ, ಕಾರಣ, ಹೋಲಿಕೆ ಎಂದು ನಾನು ಬಿಡಿಸಿ ಹೇಳಿದೆ. ಹಲಗೆಯ ಮೇಲೆ ಬರೆದೂ ತೋರಿಸಿದೆ. ಅವಳು ತಲೆಯಾಡಿಸಿದಳು, ಮರುದಿನ ಮತ್ತೆ ಅದೇ ಪ್ರಶ್ನೆ ಕೇಳಿದಳು.

ಒಂದು ಭಾನುವಾರ ಪಡಸಾಲೆಯಲ್ಲಿ ಕೂತು ಮೂವರೂ ಶೇಂಗಾ ಸುಲಿಯುತ್ತಿದ್ದೆವು. ಹಂಪಮ್ಮ ಸೊಸೆಯರ ವಿಚಾರಣೆಗೆ ಇಳಿದಿದ್ದರು.

"ದೊಡ್ಡಾಕಿ ರೊಟ್ಟಿ ತೆಳ್ಳಗ ಬಡಿತಾಳ, ಈಕಿದು ದಪ್ಪ. ಆದ್ರ ದೊಡ್ಡಾಕಿ ಮಾತು ಒರಟು, ಈಕಿದು ಮೆತ್ತಗ."

ರೇಣುಕಾಳ ಕೈ ನಿಂತಿತು. "ಟೀಚರ್, ಇದು ಹೋಲಿಕಿ ಅಲ್ಲೇನ್ರಿ? ಒಂದು ಆಕಿದು, ಒಂದು ನಂದು. ಕಥಿ ಅಲ್ಲ ಇದು, ಇದ್ರಾಗ ಏನೂ ಆಗಂಗಿಲ್ಲ."

"ಏನ್ ಹೋಲಿಕಿ, ಇದ್ದದ್ದು ಹೇಳೀನಿ" ಎಂದು ಹಂಪಮ್ಮ ಮುಖ ಊದಿಸಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರ ಮಾತಿಗೂ ಬಿಡುಗಡೆ ಇರಲಿಲ್ಲ. ಮೋಟರ್ ಸುಟ್ಟದ್ದಕ್ಕೆ ನಳದಲ್ಲಿ ನೀರಿಲ್ಲ ಎಂದರೆ ರೇಣುಕಾ ಒಳಗಿನಿಂದಲೇ "ಕಾರಣ" ಎನ್ನುತ್ತಿದ್ದಳು. ಶೇಂಗಾ ಹುರಿದು, ಸಿಪ್ಪೆ ತೆಗೆದು, ಆಮೇಲೆ ಖಾರ ಹಾಕಿ ಕುಟ್ಟು ಎಂದರೆ ಅದು "ಕ್ರಮ". ಹಂಪಮ್ಮ ಬೈಯಲೂ ಹಿಂಜರಿಯುವಂತಾಯಿತು. ಜೋಳದ ಪುಟವನ್ನು ಮತ್ತೆ ಕೊಟ್ಟಾಗ ಎರಡನೆಯ ಸಾಲಿಗೇ, "ಇವೂ ಇಬ್ರು ಸೊಸ್ತೇರ" ಎಂದು ನಕ್ಕಳು. ಇಷ್ಟು ವರ್ಷ ಪಾಠ ಮಾಡಿದ ನನಗೆ ಅಂಥ ಸಂತೋಷ ಅಪರೂಪ.

ಫಲಿತಾಂಶದ ದಿನ ಹಂಪಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿದ್ದರು. ರೇಣುಕಾ ಪಾಸಾಗಿದ್ದಳು. ಪರೀಕ್ಷೆಯಲ್ಲಿ ಕೆರೆ ಮತ್ತು ಕೊಳವೆಬಾವಿಯ ಬಗ್ಗೆ ಬಂದಿತ್ತಂತೆ. "ಹೋಲಿಕಿ ಅಂತ ಗೊತ್ತಾದ ಕೂಡ್ಲೆ ಕಡೀ ಸಾಲು ನೋಡಿದೆರಿ. ಕೆರಿನ ಚಲೋ ಅಂತ ಬರದಿದ್ರು" ಎಂದಳು.

"ನಮ್ಮ ಕಡೆ ಇಂಥ ದಿನ ಪಾಯಸ ಮಾಡುತ್ತೇವೆ" ಎಂದೆ, ಬಾಯಿ ಖಾರದಿಂದ ಉರಿಯುತ್ತಿತ್ತು.

ರೇಣುಕಾ ನನ್ನನ್ನೇ ನೋಡಿದಳು. "ಟೀಚರ್, ನೀವು ಬಂದಾಗಿಂದ ಆಡೋದೆಲ್ಲ ಹೋಲಿಕಿನ. ಅಲ್ಲಿ ಹಂಗ, ಇಲ್ಲಿ ಹಿಂಗ. ನಿಮ್ಮ ಕಡೀ ಸಾಲು ಯಾವುದ್ರಿ?"

ಊರಿನ ಕಡೆಗೆ ವರ್ಗಾವಣೆ ಕೇಳಲು ಆ ವಾರವೇ ಅವಕಾಶವಿತ್ತು. ಕೇಳಬೇಕೆಂದೂ ಇತ್ತು, ಕೇಳಿದರೆ ಸಿಕ್ಕಿಬಿಟ್ಟೀತು ಎಂಬ ಹೆದರಿಕೆಯೂ ಇತ್ತು.

ಹಂಪಮ್ಮ ನನ್ನ ತಟ್ಟೆಗೆ ಇನ್ನಷ್ಟು ಮಂಡಕ್ಕಿ ಹಾಕುತ್ತ ಸೊಸೆಗೆ ಹೇಳಿದರು, "ಸುಮ್ನಿರು. ಅವ್ರು ಇನ್ನೂ ಬರಿಯಾಕತ್ಯಾರ."